ಪದ್ಮಿನಿ ನಿಲ್ಲಲು ಕಲಿತದ್ದು

ಹುಲಿಕೆರೆ, ಹಳೇಬೀಡು ಹೋಬಳಿ
ಸೋಮವಾರ, 20-1-2025

ಹಿಮದ ನಡುವೆಯೂ ಬೆಚ್ಚಗಿರಬೇಕಾದ ನನ್ನ ಯಜಮಾನರಿಗೆ, ನಿಮ್ಮ ಮಧುಶ್ರೀ ಮಾಡುವ ನಮಸ್ಕಾರಗಳು ಮತ್ತು ಒಂದಿಷ್ಟು ತಕರಾರು.

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಹೊರಗೆ ಹೋಗುವಾಗ ಕಿವಿ ಮುಚ್ಚಿಕೊಳ್ಳುತ್ತೀರೋ, ಅಥವಾ ನಾನು ಮಾತಾಡುವಾಗ ಮಾತ್ರ ಮುಚ್ಚಿಕೊಳ್ಳುವ ಹಳೆಯ ಅಭ್ಯಾಸವನ್ನೇ ಅಲ್ಲೂ ಮುಂದುವರಿಸಿದ್ದೀರೋ? ನೀವು ಲಾರಿ ರಿಪೇರಿ ಮಾಡುವ ಆ ಸೇನೆಯ ವರ್ಕ್‌ಶಾಪಿನಲ್ಲಿ ಬೆಳಗಾಗುವಷ್ಟರಲ್ಲಿ ಡೀಸೆಲ್ಲೇ ಹೆಪ್ಪುಗಟ್ಟಿರುತ್ತದೆ ಎಂದು ಬರೆದಿದ್ದಿರಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಹಾಲಿಗೆ ಹೆಪ್ಪು ಹಾಕಲು ಬಾರದ ನಿಮಗೆ ಡೀಸೆಲ್ ಹೆಪ್ಪಿನ ವಿದ್ಯೆಯಾದರೂ ಒಲಿದದ್ದು ಸಂತೋಷ. ಇದನ್ನೆಲ್ಲ ಫೋನಿನಲ್ಲೇ ಕೇಳೋಣವೆಂದರೆ, ನಿಮಗೆ ಸಿಗುವ ಮೂರು ನಿಮಿಷದಲ್ಲಿ ಎರಡು ನಿಮಿಷ ನೀವು 'ಕೇಳಿಸ್ತಾ ಇದೆಯಾ' ಅನ್ನುತ್ತೀರಿ, ಉಳಿದ ಒಂದು ನಿಮಿಷ ನಾನು 'ಇಲ್ಲ' ಅನ್ನುತ್ತೇನೆ. ಕೇಳಿಸುತ್ತಿಲ್ಲ ಎಂಬುದೊಂದನ್ನು ಮಾತ್ರ ಇಬ್ಬರೂ ಸ್ಪಷ್ಟವಾಗಿ ಕೇಳಿಸಿಕೊಂಡು ಫೋನ್ ಇಡುತ್ತೇವೆ. ಆದ್ದರಿಂದ ಈ ಕಾಗದ. ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುವವಳು ಗಂಡನಿಗೆ ಕಾಗದ ಬರೆಯಲು ಹೊರಟರೆ ಅದು ಎರಡು ಪುಟದಲ್ಲಿ ಮುಗಿಯುವುದಿಲ್ಲ ಎಂಬುದು ನಿಮಗೆ ಗೊತ್ತಿರುವ ಸಂಗತಿಯೇ. ಸ್ಟೌ ಹತ್ತಿರ ಕುಳಿತು ಓದಿಕೊಳ್ಳಿ.

ಇಲ್ಲಿ ಎಲ್ಲರೂ ಕ್ಷೇಮ. ಮಾವನ ರಾಗಿ ಒಕ್ಕಣೆ ಮುಗಿದು ಮೂಟೆಗಳು ನಡುಮನೆಯಲ್ಲಿ ನೆಂಟರ ಹಾಗೆ ಕೂತಿವೆ. ಅವರೆಕಾಯಿ ಕಾಲವಾದ್ದರಿಂದ ಕಳೆದ ಒಂದು ತಿಂಗಳಿಂದ ಬೆಳಗಿನ ಉಪ್ಪಿಟ್ಟಿನಿಂದ ಸಂಜೆಯ ಸಾರಿನವರೆಗೆ ಅವರೆಯದೇ ದರ್ಬಾರು. 'ಅವರೆ' ಎಂದರೆ ಯಾರು ಎಂದು ತರಗತಿಯಲ್ಲಿ ಕೇಳಿದರೆ ನಮ್ಮ ಮಕ್ಕಳು ಸರ್ವನಾಮ ಅನ್ನುವುದಿಲ್ಲ, ಸಾರು ಅನ್ನುತ್ತವೆ. ಅತ್ತೆಗೆ ಮಾತ್ರ ಸೊಂಟ ನೋವು ಹಾಗೇ ಇದೆ. ಹಾಸನದ ಡಾಕ್ಟರು ಫೋಟೋ ತೆಗೆಸಿ ನೋಡಿ, ಡಿಸ್ಕ್ ಸ್ವಲ್ಪ ಜರುಗಿದೆ, ಬಗ್ಗಬೇಡಿ ಅಂದರು. ಅಂದಿನಿಂದ ಅತ್ತೆ ಬಗ್ಗುವುದು ಬಿಟ್ಟಿದ್ದಾರೆ. ಯಾರ ಮಾತಿಗೂ ಬಗ್ಗುವ ರೂಢಿ ಅವರಿಗೆ ಮೊದಲೂ ಇರಲಿಲ್ಲ. 'ಗಾಡಿಗೆ ಡಿಸ್ಕು ಹಾಕುಸ್ತೀನಿ ಅಂತ ಊರೆಲ್ಲ ಅಲೀತಿದೀಯಲ್ಲವ್ವ, ಮೊದ್ಲು ನಂದು ನೋಡ್ಸು. ನಾನೂ ಹಳೇ ಮಾಡಲ್ಲೇ' ಎಂದು ದಿನಕ್ಕೊಂದು ಸಲ ನೆನಪಿಸುತ್ತಾರೆ. ಮಾತ್ರೆ, ಬಿಸಿನೀರಿನ ಶಾಖ ಎರಡೂ ನಡೆದಿವೆ. ಗಾಬರಿ ಬೇಡ.

ಈಗ ನನ್ನ ಸವತಿಯ ವಿಷಯಕ್ಕೆ ಬರುತ್ತೇನೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿರುವ, ನನಗಿಂತ ಹದಿನೈದು ವರ್ಷ ಹಿರಿಯಳಾದ, ಎಪ್ಪತ್ತನಾಲ್ಕನೇ ಇಸವಿಯ ನಿಮ್ಮ ಪದ್ಮಿನಿ ಕಾರು. ಡಿಸೆಂಬರಿನಲ್ಲಿ ಬಂದ ನಿಮ್ಮ ಪತ್ರವನ್ನು ನಾನು ಎಷ್ಟು ಸಲ ಓದಿದೆನೆಂದರೆ ಈಗ ಅದನ್ನು ಕಂಠಪಾಠ ಒಪ್ಪಿಸಬಲ್ಲೆ. 'ಮುಂದಿನ ಎರಡು ಗಾಲಿಗೆ ಡಿಸ್ಕ್ ಬ್ರೇಕ್ ಹಾಕಿಸಬೇಕು. ಯಾವುದು ಅಂತ ನೀನೇ ಆರಿಸು. ನಿನಗೆ ನಂಬಿಕೆ ಬಂದರೆ ಗಾಡಿ ಇರಲಿ. ಬರದಿದ್ದರೆ ಸಂಕ್ರಾಂತಿ ಆದ ಮೇಲಿನ ಭಾನುವಾರ ಇಂದ್ರೇಶ್ ಬರ್ತಾನೆ, ಕೀ ಕೊಟ್ಟುಬಿಡು. ನಾನು ಮತ್ತೆ ಆ ಮಾತು ಎತ್ತೋದಿಲ್ಲ.' ಇಷ್ಟೇ. 'ಕೊಟ್ಟುಬಿಡು' ಎಂಬಲ್ಲಿ ಪೆನ್ನು ನಿಂತು, ಶಾಯಿ ಹರಡಿ, ಕಡಲೆಬೀಜದಷ್ಟು ದೊಡ್ಡ ಮಚ್ಚೆಯಾಗಿತ್ತು. ಉತ್ತರಪತ್ರಿಕೆ ತಿದ್ದುವವರಿಗೆ ಅಂಥ ಮಚ್ಚೆಗಳ ಅರ್ಥ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಗೆಳೆಯ ಇಂದ್ರೇಶ್ ಬೇಲೂರು ರಸ್ತೆಯ ತನ್ನ ಹೋಂಸ್ಟೇ ಮುಂದೆ ಪದ್ಮಿನಿಯನ್ನು ನಿಲ್ಲಿಸಿ, ಎಂಜಿನ್ ಕಿತ್ತು, ಬಾನೆಟ್ಟಿನೊಳಗೆ ಮಣ್ಣು ತುಂಬಿ ಚೆಂಡು ಹೂವಿನ ಗಿಡ ನೆಡುತ್ತಾನಂತೆ. ಪ್ರವಾಸಿಗರು ಒರಗಿ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ. ಅದನ್ನು ಅವನು ನನ್ನ ಮುಂದೆ ಬಹಳ ಉತ್ಸಾಹದಿಂದ ವರ್ಣಿಸಿದ.

ನಿಮ್ಮ ಮೇಲೆ ನನಗೆ ಏಕೆ ಸಿಟ್ಟಿತ್ತು ಎಂಬುದನ್ನು ನಾನು ಸರಿಯಾಗಿ ಹೇಳಿರಲೇ ಇಲ್ಲ. ಕಳೆದ ವರ್ಷ ಆ ಹಳೆಯ ರನ್‌ವೇಯಲ್ಲಿ ನಿಮ್ಮ ಡ್ರ್ಯಾಗ್ ರೇಸ್ ನೋಡಲು ನಾನು ಬಂದದ್ದೇ ಮೊದಲನೆಯ ಸಲ. ನಾನ್ನೂರು ಮೀಟರ್ ನೇರ ದಾರಿ, ಎರಡು ಕಾರು, ಮೊದಲು ತಲುಪಿದವರು ಗೆದ್ದರು. ಇಷ್ಟು ಸರಳವಾದದ್ದಕ್ಕೆ ಇಂಥ ಹುಚ್ಚೇ ಎಂದು ನಗುತ್ತಾ ನಿಂತಿದ್ದೆ. ಪದ್ಮಿನಿಯ ಹೊಟ್ಟೆಯೊಳಗೆ ನೀವು ಅವಳದಲ್ಲದ, ಅವಳ ಎರಡರಷ್ಟು ಶಕ್ತಿಯ ಎಂಜಿನ್ ಕೂರಿಸಿದ್ದಿರಿ. ಕಾಲಿಗೆ ಮಾತ್ರ ಎಪ್ಪತ್ತನಾಲ್ಕರ, ಡಬ್ಬಿಯ ಒಳಗಿನಿಂದ ಒತ್ತಿ ಹಿಡಿಯುವ ಡ್ರಮ್ ಬ್ರೇಕುಗಳನ್ನೇ ಬಿಟ್ಟಿದ್ದಿರಿ. ಓಡುವುದಕ್ಕೆ ಇಷ್ಟು ಖರ್ಚು ಮಾಡಿದ ಮನುಷ್ಯ ನಿಲ್ಲುವುದಕ್ಕೆ ಒಂದಿಷ್ಟು ಯೋಚನೆ ಮಾಡಿರಲಿಲ್ಲ. ಗೆರೆಯನ್ನು ನೀವೇ ಮೊದಲು ದಾಟಿದಿರಿ. ಆಮೇಲೆ ಎಡಗಾಲಿ ಮೊದಲು ಹಿಡಿಯಿತು, ಬಲಗಾಲಿ ಹಿಡಿಯಲಿಲ್ಲ, ಗಾಡಿ ಎಡಕ್ಕೆ ಎಳೆದುಕೊಂಡು ರನ್‌ವೇ ಬಿಟ್ಟು ಪಕ್ಕದ ಮಣ್ಣು ಹಳ್ಳಕ್ಕಿಳಿದು ಧೂಳಿನೊಳಗೆ ಹೋಯಿತು. ನಿಮಗೆ ಆದದ್ದು ಹುಬ್ಬಿನ ಮೇಲೆ ಮೂರು ಹೊಲಿಗೆ. ಆದರೆ ಆ ಧೂಳು ಇಳಿಯುವವರೆಗೆ ನಾನು ಓಡಿದೆನಲ್ಲ, ಆ ದೂರದಲ್ಲಿ ನನಗೆ ಆದದ್ದನ್ನು ಯಾವ ಡಾಕ್ಟರೂ ಹೊಲಿಯಲಿಲ್ಲ. ಅದಕ್ಕೇ ಅಂದೆ, ಇನ್ನೊಂದು ಸಲ ಅದನ್ನು ಹತ್ತಬೇಕಾದರೆ ಅದು ನೆಟ್ಟಗೆ ನಿಲ್ಲುವುದನ್ನು ನಾನು ಕಣ್ಣಾರೆ ನೋಡಬೇಕು, ಇಲ್ಲದಿದ್ದರೆ ಗಾಡಿ ಮನೆಯಲ್ಲಿರಬಾರದು. ಆ ಮಾತನ್ನು ನೀವು ಮರೆತಿರುತ್ತೀರಿ ಅಂದುಕೊಂಡಿದ್ದೆ. ಅಷ್ಟು ದೂರದಿಂದ ತೀರ್ಪು ನನ್ನ ಕೈಗೇ ಕೊಟ್ಟಿರಿ. ಆ ಕ್ಷಣದಿಂದ ನಾನು ನಿಮ್ಮನ್ನು ಬಯ್ಯುವ ಸುಖವನ್ನೂ ಕಳೆದುಕೊಂಡೆ.

ನಿಮ್ಮ ಶೆಡ್ಡಿನ ಕಪಾಟಿನಲ್ಲಿ ನೀವು ಮೊದಲೇ ವಿಚಾರಿಸಿ ಬರೆದಿಟ್ಟಿದ್ದ ಮೂರು ಹೆಸರುಗಳ ಚೀಟಿ ಸಿಕ್ಕಿತು. ಅವನ್ನು ಮೂವರು ವಿದ್ಯಾರ್ಥಿಗಳೆಂದುಕೊಂಡು ಪರೀಕ್ಷೆಗೆ ಕೂರಿಸಿದೆ. ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತಿದ್ದೇನೆ, ಬೇಸರ ಬೇಡ, ನಮ್ಮ ವೃತ್ತಿಯೇ ಅಂಥದ್ದು. ಮೊದಲನೆಯದು ಕೊಯಮತ್ತೂರಿನ ಸಿದ್ಧ ಕಿಟ್. ದೊಡ್ಡ ಡಿಸ್ಕು, ಅದರ ಮೈತುಂಬ ತೂತು, ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಕೆಂಪು ಬಣ್ಣದ ಕ್ಯಾಲಿಪರ್. ಫೋಟೋ ನೋಡಿದರೆ ಯಾರಿಗಾದರೂ ಮದುವೆಯಾಗಿಬಿಡೋಣ ಅನ್ನಿಸುತ್ತದೆ. ಫೋನ್ ಮಾಡಿದೆ. 'ಸಾರ್ ಇಲ್ಲವಾ ಮೇಡಂ' ಎಂದು ಕೇಳಿದರು. ಇಲ್ಲ, ಹಿಮಾಲಯಕ್ಕೆ ಹೋಗಿದ್ದಾರೆ ಅಂದೆ. ಯಾತ್ರೆ ಎಂದು ತಿಳಿದು ಬಹಳ ಗೌರವದಿಂದ ಎಲ್ಲ ಅಳತೆ ಕೊಟ್ಟರು. ಆ ಡಿಸ್ಕು ಒಳಗೆ ಕೂರಬೇಕಾದರೆ ಹದಿನೈದು ಇಂಚಿನ ಗಾಲಿ ಬೇಕಂತೆ. ನಿಮ್ಮ ಪದ್ಮಿನಿಯ ಮುಂಗಾಲಿಗೆ ಇರುವುದು ನೀವೇ ಹುಡುಕಿ ತಂದ ಹದಿಮೂರು ಇಂಚಿನ, ಸೈಕಲ್ ಗಾಲಿಗಿಂತ ಒಂದು ಪಾಲು ದಪ್ಪದವು. ಜೋಡಿಗೆ ತಕ್ಕ ಮನೆಯಿಲ್ಲ. ಎರಡನೆಯದು ತುಮಕೂರಿನ ಗುಜರಿಯಲ್ಲಿದ್ದ ಯಾವುದೋ ದೊಡ್ಡ ಹಳೆಯ ಕಾರಿನ ಇಡೀ ಮುಂಭಾಗ. ಗಟ್ಟಿಮುಟ್ಟು ನಿಜ, ಆದರೆ ಅದಕ್ಕೆ ಬೇಕಾದ, ಡಿಸ್ಕಿಗೆ ಉಜ್ಜಿ ಸವೆಯುವ ಪ್ಯಾಡ್ ಎಲ್ಲೂ ಸಿಗುವುದಿಲ್ಲ. ಸವೆದ ಮೇಲೆ ಮುಂದೇನು ಎಂದು ಕೇಳಿದರೆ ಗುಜರಿಯವರು ಆಕಾಶ ನೋಡಿದರು. ಮೂರನೆಯದು ಊರೆಲ್ಲ ಓಡಾಡುವ ಪುಟ್ಟ ಕಾರಿನ ಸಾದಾ ಡಿಸ್ಕು. ಫೋಟೋದಲ್ಲಿ ಅದು ದೋಸೆ ಹೆಂಚಿನ ಹಾಗೆ ಕಾಣುತ್ತಿತ್ತು. ಪ್ಯಾಡ್ ಅರಸೀಕೆರೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಪದ್ಮಿನಿಗೆ ಅದನ್ನು ಕಟ್ಟಲು ನಡುವೆ ಒಂದು ಕಬ್ಬಿಣದ ಬ್ರಾಕೆಟ್ ಮಾಡಿಸಬೇಕು. ಮದುವೆ ದಲ್ಲಾಳಿ ಇದ್ದಂತೆ.

ಈ ದಲ್ಲಾಳಿ ಕೆಲಸಕ್ಕೆ ಸಿಕ್ಕವರು ಅರಸೀಕೆರೆಯ ರೇವಣಸಿದ್ದಪ್ಪನವರು. ನಿಮಗೆ ಅವರ ಪರಿಚಯವಿಲ್ಲ, ನಮ್ಮ ಪ್ರಿನ್ಸಿಪಾಲರ ದೂರದ ಚಿಕ್ಕಪ್ಪ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಬೋಗಿಗಳ ಬ್ರೇಕ್ ನೋಡಿಕೊಂಡು, ಈಗ ನಿವೃತ್ತರಾಗಿ, ರೈಲ್ವೆ ಗೇಟಿನ ಹತ್ತಿರ ಕಬ್ಬಿಣ ಕಡೆಯುವ ಒಂದು ಲೇತ್ ಮೆಷಿನ್ ಇಟ್ಟುಕೊಂಡಿದ್ದಾರೆ. ಅವರ ಕೈಯಿಂದ ನಿಂತಷ್ಟು ರೈಲು ಸಿಗ್ನಲ್ಲಿನಿಂದಲೂ ನಿಂತಿರಲಾರದು. ಮೊದಲ ದಿನವೇ ಪದ್ಮಿನಿಯ ಗಾಲಿ ಬಿಚ್ಚಿ, ಡ್ರಮ್ಮಿನ ಒಳಗೆ ಟಾರ್ಚ್ ಬಿಟ್ಟು ನೋಡಿ, 'ಇದ್ರಲ್ಲಿ ನಿಮ್ ಯಜಮಾನ್ರು ರೇಸು ಬಿಟ್ರಾ ಮೇಡಮ್ಮೋರೆ? ಧೈರ್ಯಸ್ಥರು. ಇಲ್ಲಾಂದ್ರೆ ಲೆಕ್ಕ ಬಾರದೋರು' ಅಂದರು. ಎರಡನೆಯದೇ ಸರಿ ಎಂದು ನಾನು ನಿಮ್ಮ ಪರವಾಗಿ ಒಪ್ಪಿಕೊಂಡೆ.

ಆರಿಸುವ ದಿನ ಮನೆಯವರೆಲ್ಲ ಶೆಡ್ಡಿನಲ್ಲಿ ಸೇರಿದ್ದೆವು. 'ಮುಂಭಾಗದ ತೂಕ ಹೆಚ್ಚಾಗಬಾರದು, ಡ್ರ್ಯಾಗ್ ಕಾರಿಗೆ ಒಂದೊಂದು ಕಿಲೋನೂ ಲೆಕ್ಕ' ಎಂದು ನೀವು ಚೀಟಿಯ ಕೊನೆಯಲ್ಲಿ ಕೆಂಪಿನಲ್ಲಿ ಬರೆದಿದ್ದಿರಿ. ಮದುವೆಯಾದ ಮೇಲೆ ನೀವೇ ಹಾಕಿಕೊಂಡ ಆರು ಕಿಲೋ ಯಾವ ಲೆಕ್ಕಕ್ಕೆ ಎಂದು ಕೇಳುವುದಿಲ್ಲ. ಮಾವ ಕೊಬ್ಬರಿ ತೂಗುವ ತಕ್ಕಡಿ ತಂದು ತೊಲೆಗೆ ಕಟ್ಟಿದರು. ಹಳೆಯ ಡ್ರಮ್ಮಿನ ಒಂದು ಬದಿ ಒಂಬತ್ತೂವರೆ ಕಿಲೋ. ಕೊಯಮತ್ತೂರಿನವರು ಹೇಳಿದ ಲೆಕ್ಕ ಹನ್ನೆರಡು. ನಮ್ಮ ದೋಸೆ ಹೆಂಚು, ಅಳತೆ ನೋಡಲು ರೇವಣಸಿದ್ದಪ್ಪನವರು ಜೊತೆಗೆ ತಂದಿದ್ದ ತಾತ್ಕಾಲಿಕ ಬ್ರಾಕೆಟ್ ಸಮೇತ ಎಂಟು. ಆಮೇಲೆ, ಕ್ಯಾಲಿಪರ್ ನಿಮ್ಮ ಹದಿಮೂರು ಇಂಚಿನ ಗಾಲಿಯ ಒಳಗೆ ತಗುಲದೆ ತಿರುಗುತ್ತದೆಯೇ ಎಂಬ ಪ್ರಶ್ನೆ ಬಂತು. ಸಂದು ಎಷ್ಟಿದೆ ಎಂದು ಒಳಗೆ ಕಣ್ಣು ಹಾಯುವುದಿಲ್ಲ, ಕೈ ಹೋಗುವುದಿಲ್ಲ. ರೇವಣಸಿದ್ದಪ್ಪನವರು ಸುತ್ತ ನೋಡಿ, 'ಅಮ್ಮಾರೆ, ಒಂದು ಮುದ್ದೆ ಕೊಡ್ತೀರಾ' ಅಂದರು. ಹಸಿವಾಗಿರಬೇಕೆಂದು ಅತ್ತೆ ತಟ್ಟೆ, ಸಾರು, ನೀರು ಸಮೇತ ತಂದರು. ಅವರು ಮುದ್ದೆಯನ್ನು ಮುರಿದು ಕ್ಯಾಲಿಪರಿನ ನೆತ್ತಿಗೆ ಮೆತ್ತಿ, ಗಾಲಿ ಹಾಕಿ, ಬೋಲ್ಟ್ ಬಿಗಿದು, ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದರು. ಗಾಲಿ ಒತ್ತಿ ಉಳಿದ ಮುದ್ದೆಯ ದಪ್ಪವನ್ನು ನನ್ನ ಸ್ಕೇಲಿನಿಂದ ಅಳೆದಾಗ ಐದು ಮಿಲಿಮೀಟರ್. ಮೂರಿದ್ದರೆ ಸಾಕಂತೆ. ಅತ್ತೆ ಮಾತ್ರ ಸಾರಿನ ಬಟ್ಟಲು ಹಿಡಿದು ನಿಂತೇ ಇದ್ದರು. 'ತಿನ್ನೋ ಮುದ್ದೆನ ಗಾಲಿಗೆ ತಿನ್ಸೋರ್ನ ಇವತ್ತೇ ಕಂಡಿದ್ದು. ಸಾರು ಯಾವುದ್ಕೆ ಹುಯ್ಲಿ, ಎಂಜಿನ್ಗಾ?'

ಆದರೂ ನನ್ನ ಮನಸ್ಸು ಆ ಕೆಂಪು ಕ್ಯಾಲಿಪರಿನ ಕಡೆ ವಾಲುತ್ತಲೇ ಇತ್ತು. ಹೆದರಿದವಳಿಗೆ ದೊಡ್ಡದೇ ಭದ್ರ ಅನ್ನಿಸುತ್ತದೆ. ಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಿಸೋಣ ಅಂದೆ. ಆಗ ಮಾವ, ತಕ್ಕಡಿ ಬಿಚ್ಚುತ್ತಿದ್ದವರು, 'ಅವತ್ತು ಗಾಡಿ ನಿಲ್ಲಿಲ್ಲ ಅಂತ ಹಳ್ಳಕ್ಕೆ ಬೀಳ್ಲಿಲ್ಲ ಕಣವ್ವ. ಒಂದು ಕಡೆ ನಿಂತು ಇನ್ನೊಂದು ಕಡೆ ನಡೀತಲ್ಲ, ಅದುಕ್ಕೆ ಬಿದ್ದಿದ್ದು. ಬಲವಾದ ಎತ್ತು ಒಂದು, ಸೋಮಾರಿ ಎತ್ತು ಒಂದು ಕಟ್ಟುದ್ರೆ ನಾನೂ ಬೀಳ್ತಿದ್ದೆ. ಜೋಡಿ ಸಮ ಐತಾ ನೋಡು, ಗಾತ್ರ ಆಮೇಕೆ' ಅಂದರು. ನಾನು ಒಂದು ವರ್ಷ ಹೆದರಿದ್ದ ವಿಷಯವನ್ನು ಅವರು ನಾಲ್ಕು ಮಾತಿನಲ್ಲಿ ಬಿಡಿಸಿಟ್ಟರು. ಬ್ರೇಕಿನ ಬಲವಲ್ಲ, ಎಡ ಬಲದ ಸಮ. ಆ ಸಣ್ಣ ಡಿಸ್ಕುಗಳು ಎರಡೂ ಹೊಸವು, ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಬಂದವು, ಡ್ರಮ್ಮಿನ ಹಾಗೆ ಒಳಗೆ ಧೂಳು ತುಂಬಿಕೊಂಡು ಒಂದೊಂದು ಒಂದೊಂದು ಥರ ಆಡುವಂಥವಲ್ಲ. ದೋಸೆ ಹೆಂಚಿಗೆ ನೂರಕ್ಕೆ ಎಂಬತ್ತು ಕೊಟ್ಟು ಪಾಸು ಮಾಡಿದೆ. ಕಾಯಂ ಬ್ರಾಕೆಟ್ಟಿನ ಅಚ್ಚನ್ನು ಪ್ರಿನ್ಸಿಪಾಲರ ಮಗಳ ಮದುವೆಯ ದಪ್ಪ ಕರೆಯೋಲೆಯಲ್ಲಿ ಕತ್ತರಿಸಿದೆವು. ಆ ಅಚ್ಚಿನ ಮೇಲೆ ವಧುವಿನ ಹೆಸರು ಈಗಲೂ ಅರ್ಧ ಕಾಣುತ್ತದೆ.

ಜನವರಿ ಮೊದಲ ವಾರ ಜೋಡಣೆಯೆಲ್ಲ ಮುಗಿಯಿತು. ರೇವಣಸಿದ್ದಪ್ಪನವರ ಕೆಲಸ ಹೇಗಿತ್ತೆಂದರೆ, ಒಂದು ಬೋಲ್ಟ್ ಬಿಗಿದರೆ ಅದರ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆಯುವರು, ಸಡಿಲವಾದರೆ ಗೆರೆ ತಪ್ಪುತ್ತದೆಂದು. ನಾನು ನೋಟ್ಸಿನಲ್ಲಿ ಅಡಿಗೆರೆ ಎಳೆಯುವುದಕ್ಕಿಂತ ಹೆಚ್ಚು ಶ್ರದ್ಧೆ. ಪೆಡಲ್ ಒತ್ತಿದಾಗ ಎಣ್ಣೆಯನ್ನು ಗಾಲಿಗಳಿಗೆ ನೂಕುವ ಮಾಸ್ಟರ್ ಸಿಲಿಂಡರನ್ನು ಮಾತ್ರ ಅವರು ಹಳೆಯದನ್ನೇ ಉಳಿಸಿದರು. ಅದರ ಬಾಯಲ್ಲಿ ಒಂದು ಪುಟ್ಟ ವಾಲ್ವ್ ಇದೆ. ಕಾಲು ತೆಗೆದರೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವುದು ಅದರ ಕೆಲಸ. ಇದು ಬೇಕೇ ಎಂದು ಕೇಳಿದೆ, ಏಕೆಂದರೆ ನಿಮ್ಮ ಚೀಟಿಯಲ್ಲಿ ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. 'ಪೈಪಲ್ಲಿ ಪ್ರೆಶರ್ ಇರ್ಲೇಬೇಕು ಮೇಡಮ್ಮೋರೆ. ಪ್ರೆಶರ್ ಇದ್ರೆ ಗಾಡಿ ಸಲೀಸು. ನಂದು ಮೂವತ್ನಾಲ್ಕು ವರ್ಷದ ಅನುಭವ' ಅಂದರು. ಮಾಸ್ಟರ್ ಬಗ್ಗೆ ಮೇಷ್ಟ್ರಿಣಿಗೆ ಅನುಮಾನವಿದ್ದರೂ ಅನುಭವದ ಮುಂದೆ ಬಾಯಿ ಮುಚ್ಚಿದೆ.

ಸಂಕ್ರಾಂತಿಯ ದಿನ ಎತ್ತು ಹಸುಗಳ ಮೈ ತೊಳೆದ ಹಾಗೆ ಪದ್ಮಿನಿಯದ್ದೂ ತೊಳೆದೆವು. ಅತ್ತೆ ಅರಿಶಿನ ಕುಂಕುಮ ಹಚ್ಚಿ, ಮುಂದಿನ ಎರಡು ಗಾಲಿಗೆ ಎರಡು ನಿಂಬೆಹಣ್ಣು ಇಟ್ಟರು. ನಿಮ್ಮ ಮನೆಯ ಪದ್ಧತಿ ನಿಮಗೆ ಗೊತ್ತು, ಗಾಡಿಗೆ ಹೊಸದಾಗಿ ಏನೇ ಹಾಕಿಸಲಿ, ಮೊದಲ ಸಲ ನಿಂಬೆಹಣ್ಣು ಹಾಯಬೇಕಾದದ್ದು ಎಂಜಿನ್ ಬಲದಿಂದಲ್ಲ, ಮನೆಯ ಹೆಂಗಸರು ಕೈಯಲ್ಲಿ ತಳ್ಳಿ. ಟ್ರ್ಯಾಕ್ಟರ್ ತಂದಾಗ ಅತ್ತೆ, ಅವರ ಇಬ್ಬರು ಓರಗಿತ್ತಿಯರು, ಪಕ್ಕದ ಮನೆ ಗುರುಸಿದ್ದಮ್ಮ ಸೇರಿ ತಳ್ಳಿದ್ದ ಕತೆಯನ್ನು ನೀವೇ ಹತ್ತು ಸಲ ಹೇಳಿದ್ದೀರಿ. ಅತ್ತೆಗೆ ಬಗ್ಗುವಂತಿಲ್ಲ, ಅವರು ಬಾಗಿಲ ಹಿಡಿ ಹಿಡಿದು ಮಾರ್ಗದರ್ಶನ ಮಾಡಿದರು. ನಾನೂ ಗುರುಸಿದ್ದಮ್ಮನೂ ಹಿಂದಿನಿಂದ ತಳ್ಳಿದೆವು. ಗಾಡಿ ಮಿಸುಕಲಿಲ್ಲ. ಇಳಿಜಾರಿನ ಅಂಗಳ, ನ್ಯೂಟ್ರಲ್ಲಿನಲ್ಲಿದೆ, ಹ್ಯಾಂಡ್ ಬ್ರೇಕ್ ಹಾಕಿಲ್ಲ. ಆದರೂ ನಿಂಬೆಹಣ್ಣಿಗೆ ಹೆದರಿದ ಹಾಗೆ ನಿಂತಿತ್ತು. 'ಕಾಲೇಜಲ್ಲಿ ಸೀಮೆಸುಣ್ಣ ಎತ್ತೋ ಕೈಗೆ ಏನು ಬಲ ಇರ್ತದೆ' ಎಂದು ಮಾವ ನಕ್ಕರು. 'ನಾನೇನು ಸೀಮೆಸುಣ್ಣ ಎತ್ತೀನಾ? ದಿನಾ ಮೂರು ಕೊಡ ನೀರು ಎತ್ತೀನಿ. ಬನ್ನಿ ಲಕ್ಕಪ್ಪಣ್ಣ, ನೀವೇ ತಳ್ಳಿ, ಮೀಸೆ ಐತಲ್ಲ' ಎಂದು ಗುರುಸಿದ್ದಮ್ಮ ಮಾವನನ್ನು ಕರೆದು, ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿದರು. ಮಾವ ತಳ್ಳಿದರು. ಎಳ್ಳು ಬೆಲ್ಲ ತಿನ್ನಲು ಬಂದಿದ್ದ ರೇವಣಸಿದ್ದಪ್ಪನವರೂ ಹೆಗಲು ಕೊಟ್ಟರು. ನಾಲ್ವರೂ ಸೇರಿದ ಮೇಲೆ ಪದ್ಮಿನಿ ನರಳುತ್ತಾ ಒಂದು ಗೇಣು ಸರಿದು, ಅರ್ಧ ನಿಂಬೆಹಣ್ಣು ಹಿಂಡಿ, ಮತ್ತೆ ನಿಂತಿತು. ಮುಂದಿನ ಡಿಸ್ಕು ಮುಟ್ಟಿದರೆ ಅಷ್ಟಕ್ಕೇ ಬೆಚ್ಚಗಾಗಿತ್ತು.

ರೇವಣಸಿದ್ದಪ್ಪನವರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಗಾಲಿಯನ್ನೇ ನೋಡುತ್ತಿದ್ದರು. ಎಳ್ಳು ಬೆಲ್ಲ ಅಂಗೈಯಲ್ಲೇ ಉಳಿದಿತ್ತು. ಆಮೇಲೆ ತಮ್ಮ ಹಣೆಗೆ ತಾವೇ ಮೆಲ್ಲಗೆ ಬಡಿದುಕೊಂಡರು. 'ನಾನು ಇದುನ್ನ ರೈಲು ಅನ್ಕೊಂಡಿವ್ನಿ ಮೇಡಮ್ಮೋರೆ' ಅಂದರು. ರೈಲಿನಲ್ಲಿ ಪೈಪಿನೊಳಗೆ ಗಾಳಿಯ ಒತ್ತಡವಿದ್ದರೆ ಬ್ರೇಕ್ ಬಿಟ್ಟಿರುತ್ತದಂತೆ, ಒತ್ತಡ ಹೋದರೆ ಹಿಡಿಯುತ್ತದಂತೆ. ಅದಕ್ಕೇ ಪೈಪು ಒಡೆದರೂ ರೈಲು ತಾನಾಗಿಯೇ ನಿಲ್ಲುವುದು. ಕಾರಿನಲ್ಲಿ ಪೂರಾ ತಿರುವು ಮುರುವು. ಪೈಪಿನಲ್ಲಿ ಒತ್ತಡ ಉಳಿದರೆ ಬ್ರೇಕ್ ಹಿಡಿದೇ ಇರುತ್ತದೆ. ಡ್ರಮ್ಮಿನೊಳಗೆ ಶೂ ಎನ್ನುವ ಹಿಡಿಪಟ್ಟಿಗಳನ್ನು ಹಿಂದಕ್ಕೆ ಎಳೆಯಲು ಗಟ್ಟಿ ಸ್ಪ್ರಿಂಗ್ ಇರುವುದರಿಂದ ಆ ಚೂರು ಒತ್ತಡ ಅಲ್ಲಿ ಬಾಧಕವಲ್ಲ. ಡಿಸ್ಕಿಗೆ ಆ ಸ್ಪ್ರಿಂಗಿಲ್ಲ. ಪ್ಯಾಡುಗಳು ಡಿಸ್ಕನ್ನು ಬಿಡದೆ ಅವುಚಿಕೊಂಡಿದ್ದವು, ಬಸ್ ಸ್ಟ್ಯಾಂಡಿನಲ್ಲಿ ಬೀಳ್ಕೊಡುವ ನೆಂಟರ ಹಾಗೆ. ಎಂಜಿನ್ ಹಾಕಿ ಓಡಿಸಿದ್ದರೆ ಅಷ್ಟು ದೊಡ್ಡ ಎಂಜಿನ್ನಿಗೆ ಈ ಹಿಡಿತ ತಿಳಿಯುತ್ತಲೇ ಇರಲಿಲ್ಲ. ಓಡುತ್ತಾ ಓಡುತ್ತಾ ಡಿಸ್ಕು ಕಾದು, ಎಣ್ಣೆ ಕುದಿದು, ನಿಲ್ಲಿಸಬೇಕಾದಾಗ ಪೆಡಲ್ ಪೊಳ್ಳಾಗುತ್ತಿತ್ತಂತೆ. ಹೇಳುವಾಗ ಅವರ ಮುಖ ಬಿಳುಪಾಗಿತ್ತು. ಅತ್ತೆ ಅವರ ಕೈಗೆ ನೀರು ಕೊಟ್ಟು, 'ಇರ್ಲಿ ಬುಡಿ, ಹೆಂಗಸ್ರು ತಳ್ಳಿದ್ಕೆ ಗೊತ್ತಾತು' ಅಂದರು. ಆ ಮಾತಿಗೆ ಮಾವ ಮೀಸೆಯ ಮೇಲೆ ಕೈ ಹಾಕಿ, ಹಸುಗಳ ಕಡೆ ಹೋದರು.

ಎರಡು ದಿನದಲ್ಲಿ ಅದೇ ಪುಟ್ಟ ಕಾರಿನ ಮಾಸ್ಟರ್ ಸಿಲಿಂಡರ್ ಬಂತು. ಅದರಲ್ಲಿ ಎರಡು ಕೋಣೆ, ಮುಂದಿನ ಡಿಸ್ಕುಗಳಿಗೆ ಒಂದು, ಹಿಂದಿನ ಡ್ರಮ್ಮುಗಳಿಗೆ ಒಂದು. ಒತ್ತಡ ಉಳಿಸುವ ವಾಲ್ವ್ ಹಿಂದಿನ ಕೋಣೆಗೆ ಮಾತ್ರ. ಒಂದು ಕಡೆ ಎಣ್ಣೆ ಸೋರಿದರೂ ಇನ್ನೊಂದು ಕಡೆ ಹಿಡಿಯುತ್ತದೆ. ಈ ಗುಣ ನನಗೆ ಬಹಳ ಹಿಡಿಸಿತು, ದೋಸೆ ಹೆಂಚಿನ ಎಂಬತ್ತಕ್ಕೆ ಇನ್ನೂ ಹತ್ತು ಸೇರಿಸಿದೆ. ಗುರುವಾರ ಸಂಜೆ ಮತ್ತೆ ನಿಂಬೆಹಣ್ಣು ಇಟ್ಟೆವು. ಗುರುಸಿದ್ದಮ್ಮ ಕೈ ಇಡುವಷ್ಟರಲ್ಲೇ ಪದ್ಮಿನಿ ತಾನಾಗಿ ಇಳಿಜಾರು ಹಿಡಿದು ಹೊರಟಿತು. ಅತ್ತೆ ಬಗ್ಗಬಾರದೆಂಬುದನ್ನು ಮರೆತು ರಂಗೋಲಿ ಉಳಿಸಲು ಬಗ್ಗಿದರು. ಡಿಸ್ಕಿಗೆ ಏನೂ ಆಗಲಿಲ್ಲ, ಗಾಡಿಯದಕ್ಕೂ ಅತ್ತೆಯದಕ್ಕೂ.

ಇನ್ನು ಉಳಿದದ್ದು ಕಣ್ಣಾರೆ ನೋಡುವುದು. ಅರಸೀಕೆರೆ ದಾರಿಯಲ್ಲಿ ಸೈಟು ಮಾಡಿ ಒಂದೂ ಮಾರಾಟವಾಗದೆ ಬಿದ್ದಿರುವ ಲೇಔಟ್ ಇದೆಯಲ್ಲ, ಅದರ ಮಾಲೀಕರನ್ನು ಕೇಳಿಕೊಂಡೆವು. 'ನನ್ನ ಲೇಔಟಿಗೆ ಒಂದು ಗಾಡಿಯಾದರೂ ಬರಲಿ' ಎಂದು ಸಂತೋಷದಿಂದ ಗೇಟು ತೆಗೆಸಿದರು. ನೇರ ಟಾರು ರಸ್ತೆ, ಕೊನೆಯಲ್ಲಿ ಹುಲ್ಲುಗಾವಲು, ಒಂದು ನಾಯಿಯೂ ಇಲ್ಲ. ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಹೋದೆವು. ಓಡಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಹೋದ ಮೇಲೆ ಎದ್ದಿತು. ರೇವಣಸಿದ್ದಪ್ಪನವರಿಗೆ ಲೈಸೆನ್ಸ್ ಇಲ್ಲ, ರೈಲಿನ ಪಾಸ್ ಮಾತ್ರ ಇದೆ. ಮಾವ ಟ್ರ್ಯಾಕ್ಟರಿನ ವೇಗಕ್ಕಿಂತ ಮುಂದೆ ಹೋಗುವವರಲ್ಲ. ಮಿಕ್ಕವಳು, ಲೈಸೆನ್ಸ್ ಇರುವವಳು, ನಾನು. ಮಾವ ಒಲೆಯ ಬೂದಿಯಿಂದ ರಸ್ತೆಗೆ ಅಡ್ಡ ಒಂದು ಗೆರೆ ಎಳೆದರು, ಅಲ್ಲಿ ಬ್ರೇಕ್ ಒತ್ತಬೇಕು. ನಿಮ್ಮ ಹೆಲ್ಮೆಟ್ ಹಾಕಿಕೊಂಡೆ. ಅದರೊಳಗೆ ಇನ್ನೂ ನಿಮ್ಮ ತಲೆಯ ಎಣ್ಣೆಯ ವಾಸನೆ ಇದೆ, ಅದನ್ನು ತೊಳೆಯುವುದಿಲ್ಲ.

ಮೊದಲು ಅರವತ್ತರ ವೇಗದಲ್ಲಿ ಏಳು ಸಲ. ಆಮೇಲೆ ತೊಂಬತ್ತರಲ್ಲಿ ಮೂರು ಸಲ. ಪ್ರತಿ ಸಲವೂ ಮಾವ ಓಡಿಬಂದು ಟೈರಿನ ಕಪ್ಪು ಗುರುತುಗಳನ್ನು ಬಗ್ಗಿ ನೋಡುತ್ತಿದ್ದರು. ಎಡದ ಗುರುತು, ಬಲದ ಗುರುತು, 'ಕೂರಿಗೆ ಸಾಲು ಇದ್ದಂಗೆ ಐತೆ ಕಣವ್ವ, ಒಂದು ಬೆರಳಷ್ಟೂ ಆಚೆ ಈಚೆ ಇಲ್ಲ'. ನನ್ನ ಕೈ ಸ್ಟೇರಿಂಗಿನ ಮೇಲೆ ಹಗುರವಾಗಿತ್ತು. ಎಡಕ್ಕೆ ಎಳೆಯಲಿಲ್ಲ, ಬಲಕ್ಕೆ ಎಳೆಯಲಿಲ್ಲ. ಪೆಡಲ್ ಗಟ್ಟಿಯಿದೆ, ನಿಮ್ಮ ಜೊತೆ ವಾದ ಮಾಡಿದಷ್ಟು ಒತ್ತಬೇಕು, ಆದರೆ ಒತ್ತಿದ್ದಕ್ಕೆ ಉತ್ತರ ಸಿಗುತ್ತದೆ. ನಿಮ್ಮ ಜೊತೆಗಿನ ವಾದದಲ್ಲಿ ಅದೂ ಇಲ್ಲ. ಹತ್ತನೆಯ ಸಲ ಇಳಿದು ಡಿಸ್ಕಿನ ಮೇಲೆ ನೀರು ಚಿಮುಕಿಸಲು ಹೋದೆ, ಹಾಗೆ ಮಾಡಬಾರದೆಂದು ರೇವಣಸಿದ್ದಪ್ಪನವರು ತಡೆದರು, ಬಿಸಿ ಇಳಿಯುವವರೆಗೆ ನಾವು ಮೂವರೂ ಹುಲ್ಲಿನ ಮೇಲೆ ಕೂತು ಕಡುಬು ತಿಂದೆವು.

ನಿನ್ನೆ ಇಂದ್ರೇಶ್ ಬಂದ. ಕಾರು ಒಯ್ಯಲು ಒಂದು ಲಾರಿ, ಬಾನೆಟ್ಟಿಗೆ ತುಂಬಲು ನಾಲ್ಕು ಮೂಟೆ ಕೆಮ್ಮಣ್ಣು, ಎಲ್ಲ ಸಿದ್ಧತೆಯೊಂದಿಗೇ ಬಂದಿದ್ದ. 'ಕೀ ಕೊಡಿ ಅಕ್ಕ, ನೆರಳಲ್ಲೇ ಇಟ್ಟುಕೋತೀನಿ, ದಿನಾ ನೀರು ಹಾಕ್ತೀನಿ' ಅಂದ. ನಾನು ಕಾಫಿ ಕೊಟ್ಟೆ, ಕೀ ಕೊಡಲಿಲ್ಲ. ಕೆಮ್ಮಣ್ಣನ್ನು ಅತ್ತೆ ಬಿಡಲಿಲ್ಲ. 'ತಂದಿದ್ದು ತಂದಿದೀಯ, ವಾಪಸ್ ಯಾಕೆ ಹೊತ್ಕೊಂಡು ಹೋಗ್ತೀಯ' ಎಂದು ಎರಡು ಮೂಟೆ ಇಳಿಸಿಕೊಂಡು ದಾಸವಾಳದ ಬುಡಕ್ಕೆ ಹಾಕಿಸಿದರು. ಅಂತೂ ಗಾಡಿ ಇರುತ್ತದೆ. ನಿಮ್ಮ ಆ ಶಾಯಿ ಮಚ್ಚೆಗೆ ಇದೇ ನನ್ನ ಉತ್ತರ. ಈಗ ನೆಮ್ಮದಿಯಾಗಿ ನಿದ್ದೆ ಮಾಡಿ.

ಮಾವ ನಿಮಗೆ ಆಶೀರ್ವಾದ ಹೇಳಿದ್ದಾರೆ, ಬೀಡಿ ಸೇದಬೇಡ ಎಂದೂ ಹೇಳಿದ್ದಾರೆ. ಅವರು ಹೇಳುವಾಗ ಅವರ ಕೈಯಲ್ಲಿ ಒಂದಿತ್ತು. ಅತ್ತೆ ಆಶೀರ್ವಾದದ ಜೊತೆ ಎಳ್ಳು ಬೆಲ್ಲದ ಪೊಟ್ಟಣ ಲಕೋಟೆಯೊಳಗೆ ಇಡಿಸಿದ್ದಾರೆ. ಅಂಚೆಯಲ್ಲಿ ಪುಡಿಯಾಗಿದ್ದರೆ ಪುಡಿಯನ್ನೇ ತಿಂದು ಒಳ್ಳೆಯ ಮಾತಾಡಿ. ರೇವಣಸಿದ್ದಪ್ಪನವರು, 'ಸಾಹೇಬ್ರು ಬಂದಾಗ ಬೋಲ್ಟಿನ ಬಿಳಿ ಗೆರೆ ಅಳಿಸಬಾರದು ಅಂತ ಬರೀರಿ' ಅಂದರು, ಬರೆದಿದ್ದೇನೆ. ನೀವು ಬೆಚ್ಚಗಿರಿ, ಹೊಟ್ಟೆ ತುಂಬ ತಿನ್ನಿ, ಆ ಆರು ಕಿಲೋದ ಬಗ್ಗೆ ನಾನು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸದಾ ನಿಮ್ಮವಳೇ, ಆಗಾಗ ನಿಮ್ಮ ವಿರುದ್ಧದವಳು,
ಮಧುಶ್ರೀ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿ ಎಂದು ಕಾಯುತ್ತಿದ್ದೆ. ಅಂಚೆಯಣ್ಣ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಶನಿವಾರ ಹತ್ತನೆಯ ಸಲ ಬೂದಿಯ ಗೆರೆ ಬಂದಾಗ ನನ್ನ ಕಾಲು ಬ್ರೇಕಿಗೆ ಹೋಗಲು ಒಪ್ಪಲಿಲ್ಲ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಗೆರೆ ದಾಟಿಸಿಯೇ ಒತ್ತಿದೆ. ಮಾವನಿಗೆ ಚಪ್ಪಲಿ ಜಾರಿತು ಅಂದೆ. ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ಓಡಿಸುವುದು ಹೀಗಿರುತ್ತದೆಂದು ನೀವು ಒಂಬತ್ತು ವರ್ಷದಲ್ಲಿ ಒಂದು ದಿನವೂ ನನಗೆ ಹೇಳಲಿಲ್ಲ. ಈ ವರ್ಷದ ರೇಸಿಗೆ ಅರ್ಜಿ ತುಂಬಿ ಕಳಿಸಿದ್ದೇನೆ. 'ಮಾಲೀಕರು' ಎಂಬಲ್ಲಿ ನಿಮ್ಮ ಹೆಸರೇ ಇದೆ. 'ಚಾಲಕರು' ಎಂಬಲ್ಲಿ ನನ್ನದು. ಆಕ್ಷೇಪಣೆ ಇದ್ದರೆ ವಿವರವಾಗಿ ಬರೆದು ಕಳಿಸಿ, ಖಂಡಿತ ಓದುತ್ತೇನೆ. ಕಾಗದ ನಿಮ್ಮಲ್ಲಿಗೆ ಬರಲು ಹನ್ನೆರಡು ದಿನ, ಉತ್ತರ ಇಲ್ಲಿಗೆ ಬರಲು ಹನ್ನೆರಡು ದಿನ. ರೇಸು ಫೆಬ್ರವರಿ ಒಂಬತ್ತಕ್ಕೆ.